ಉಳಿದ ಗಾರೆ

ಬೆಡ್‌ಶೀಟ್ ಹಿಂಡುವಾಗ ಇಬ್ಬರೂ ಒಬ್ಬರಿಗೊಬ್ಬರು ಉಲ್ಟಾ ತಿರುಚಬೇಕು. ಇದನ್ನು ನಮ್ಮ ಯಜಮಾನರಿಗೆ ಮದುವೆಯಾದಾಗಿನಿಂದ ಹೇಳುತ್ತಾ ಬಂದಿದ್ದೇನೆ. ಆವತ್ತೂ ಹಿತ್ತಲಲ್ಲಿ ಶೀಟಿನ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ಅವರ ಕೈಯಲ್ಲಿ. ನಾನು ತಿರುಚಿದ ಕಡೆಗೇ ಅವರೂ ತಿರುಚುತ್ತಿದ್ದರು. ಶೀಟು ನಮ್ಮಿಬ್ಬರ ನಡುವೆ ಹಾವಿನ ಹಾಗೆ ಹೊರಳುತ್ತಿತ್ತೇ ಹೊರತು ಒಂದು ಹನಿ ನೀರು ಇಳಿಯುತ್ತಿರಲಿಲ್ಲ. ಆ ಕಡೆಗೆ ತಿರುಚಿ ಅಂದರೆ, ತಾನು ಸರಿಯಾಗೇ ತಿರುಚುತ್ತಿದ್ದೇನೆ, ತಪ್ಪು ದಿಕ್ಕು ನಿನ್ನದೇ ಅಂದರು. ಹೋಗಲಿ ಎಂದು ನಾನೇ ದಿಕ್ಕು ಬದಲಿಸಿದೆ. ಅದನ್ನು ಕಂಡು ಅವರೂ ಬದಲಿಸಿದರು.

ಅಷ್ಟರಲ್ಲಿ ಅಂಚೆಯವನು ಹಿತ್ತಲ ಗೇಟಿನ ಮೇಲಿಂದ ಕೈ ಚಾಚಿ ಅತ್ತಿಗೆಯ ಕಾಗದ ಕೊಟ್ಟ. ಶೀಟನ್ನು ಹಾಗೇ ತಂತಿಯ ಮೇಲೆ ಎಸೆದು, ಅದು ತೊಟತೊಟ ಸೋರುತ್ತಿರುವಾಗಲೇ ಕಾಗದ ಓದಿದೆವು. ಓದಿದವಳು ನಾನು. ಅವರು ಕನ್ನಡಕ ಹುಡುಕುವ ನೆಪ ಮಾಡಿ ದೂರ ಸರಿದಿದ್ದರು. ಕನ್ನಡಕ ಹಣೆಯ ಮೇಲೇ ಇತ್ತು.

ಅತ್ತಿಗೆ ಬರೆದಿದ್ದರು: “ತಮ್ಮಾ, ನಾನು ಕ್ಷೇಮ. ನೀನು ಕಟ್ಟುತ್ತಿರುವುದು ಮನೆಯೋ ಅಣೆಕಟ್ಟೋ, ಒಂದು ಸಾಲು ಬರೆಸು. ಇಲ್ಲಿ ಮೂರನೇ ಮಹಡಿಯಿಂದ ಕಾಗೆಗಳ ಬೆನ್ನು ನೋಡಿ ನೋಡಿ ಸಾಕಾಗಿದೆ. ನಿನ್ನ ಮನೆ ಮುಗಿಯುವುದರೊಳಗೆ ನಾನು ಇನ್ನೂ ಮೇಲಿನ ಮಹಡಿಗೆ ಹೊರಟುಬಿಟ್ಟರೆ, ಅಲ್ಲಿಗಂತೂ ಯಾವ ನೀರೂ ಬರುವುದಿಲ್ಲ. ನೀನು ನಿಶ್ಚಿಂತೆಯಾಗಿರಬಹುದು.”

ಯಜಮಾನರು ಹೋಗಿ ಅತ್ತಿಗೆಗೆಂದು ಕಟ್ಟಿದ ಕೋಣೆಗೆ ಹತ್ತುವ ಇಳಿಜಾರಿನ ಕಂಬಿ ಹಿಡಿದು ಅಲ್ಲಾಡಿಸಿ ನೋಡಿದರು. ಇನ್ನೂ ಸ್ವಲ್ಪ ಅಲ್ಲಾಡುತ್ತಿದೆ, ಭದ್ರ ಮಾಡಬೇಕು ಎಂದು ಗೊಣಗಿದರು. ಆ ಕಂಬಿಗೆ ಎಮ್ಮೆ ಕಟ್ಟಿದರೂ ಅಲ್ಲಾಡುವುದಿಲ್ಲ ಎನ್ನುವುದು ನನಗೂ ಗೊತ್ತು, ಅವರಿಗೂ ಗೊತ್ತು.

ನಮ್ಮ ಬೀದಿಯವರು ಅವರನ್ನು ಮೇಸ್ತ್ರಿ ಎನ್ನುತ್ತಾರೆ. ನಾನೂ ಇಲ್ಲಿ ಹಾಗೇ ಅನ್ನುತ್ತೇನೆ. ಇಲ್ಲವಾದರೆ ‘ಅವರು, ಅವರು’ ಎಂದು ಬರೆದು ಬರೆದು ಯಾರು ಯಾರು ಎಂಬುದೇ ತಿಳಿಯದೆ ಹೋಗುತ್ತದೆ. ಬೀದಿ ಹೊಳೆಗೆ ಹತ್ತಿರ. ಈ ಸಾಲಿನ ಅರ್ಧ ಗೋಡೆಗಳು ಮೇಸ್ತ್ರಿ ಎಬ್ಬಿಸಿದವು. ಸಿಮೆಂಟು ಕಲಸಿದ ಗಾರೆ ಅವರ ಉಗುರಿನಲ್ಲಿ ಎಷ್ಟು ವರ್ಷದಿಂದ ಕೂತಿದೆಯೆಂದರೆ, ಕೈ ತೊಳೆದು ಊಟಕ್ಕೆ ಕೂತರೂ ಹೊಸಮನೆಯ ವಾಸನೆ ಬರುತ್ತದೆ. ಅವರ ಅಕ್ಕ, ಅಂದರೆ ನನ್ನ ಅತ್ತಿಗೆ, ತಾಯಿಯಿಲ್ಲದ ಈ ತಮ್ಮನನ್ನು ಸಾಕಿದವರು. ಎದುರುಮನೆಯ ದರ್ಜಿಗೆ ಅಂಗಿಯ ಕಾಜಾ ಹಾಕಿಕೊಟ್ಟು, ಗುಂಡಿ ಹೊಲಿದುಕೊಟ್ಟು ಬದುಕಿದರು. “ಅಕ್ಕ ತೂತು ಮಾಡಿ ಸಾಕಿದಳು, ತಮ್ಮ ತೂತು ಮುಚ್ಚಿ ದೊಡ್ಡವನಾದ” ಎಂದು ದರ್ಜಿ ಈಗಲೂ ನಗುತ್ತಾನೆ. ಅತ್ತಿಗೆ ಹೋದಾಗಿನಿಂದ ಅವನ ಅಂಗಡಿಯ ಕಾಜಾಗಳು ಸೊಟ್ಟಗಾಗಿವೆ. ಹೀಗಾಗಿ ಅವರು ವಾಪಸು ಬರಲಿ ಎಂಬ ಆಸೆ ನಮಗಿಂತ ಅವನಿಗೇ ಒಂದು ಕೈ ಹೆಚ್ಚು.

ಅತ್ತಿಗೆ ಹೋಗಿದ್ದು ನೆರೆ ಬಂದ ವರ್ಷ. ನಮ್ಮ ಹಳೆ ಮನೆಯಲ್ಲಿ ಹಿಂದಿನ ಕೋಣೆ ಅವರದು. ಹೊಳೆ ಬೀದಿಗೆ ಹತ್ತಿದ ಬೆಳಿಗ್ಗೆ, ಒಂದು ಹನಿಯೂ ಒಳಗೆ ಬರಬಾರದೆಂದು ಮೇಸ್ತ್ರಿ ಹಟ ಹಿಡಿದರು. ಬಾಗಿಲಿಗೆ ಹಲಗೆ ಕೊಟ್ಟರು, ಸಂದಿಗೆ ಗಾರೆ ಮೆತ್ತಿದರು, ಬಚ್ಚಲ ತೂಬಿಗೆ ಚಿಂದಿ ತುರುಕಿ ಅದರ ಮೇಲೆ ಗಾರೆ ಬಳಿದರು. ಹೊರಗೆ ಕಿಟಕಿಯವರೆಗೆ ನೀರು, ಒಳಗೆ ನೆಲ ಒಣಗಿ ಗರಿಗರಿ. ನಾನು ಒಲೆ ಹಚ್ಚಿ ಚಹಾ ಕೂಡ ಮಾಡಿದ್ದೆ. ಚಹಾ ಕುಡಿಯುತ್ತಿದ್ದಾಗ ಅತ್ತಿಗೆಯ ಕೋಣೆಯ ಹಿಂಗೋಡೆ ಒಳಕ್ಕೆ ಬಿತ್ತು. ಅವರು ಮಂಚದ ಆ ಕಡೆ ಕೂತಿದ್ದರಿಂದ ಬದುಕಿದರು. ಮೇಸ್ತ್ರಿ ಅವರನ್ನು ಬೆನ್ನ ಮೇಲೆ ಹೊತ್ತು ಎದೆಮಟ್ಟದ ನೀರಿನಲ್ಲಿ ಬೀದಿಯ ತುದಿಗೆ ನಡೆದರು. ದಾರಿಯುದ್ದಕ್ಕೂ ಅತ್ತಿಗೆ, ಚೀಲ ಹೊತ್ತ ಹಾಗೆ ಹೊರಬೇಡ, ನೆಟ್ಟಗೆ ಹಿಡಿ ಎಂದು ಬೈಯುತ್ತಿದ್ದುದನ್ನು ಬೀದಿಯೇ ಕೇಳಿದೆ.

ಆಮೇಲೆ ಅತ್ತಿಗೆಯನ್ನು ಅವರ ನಾದಿನಿಯ ಮಗಳು ಗುಡ್ಡದ ಮೇಲಿನ ತನ್ನ ಫ್ಲಾಟಿಗೆ ಕರೆದುಕೊಂಡು ಹೋದಳು. ಒಳ್ಳೆ ಹುಡುಗಿ, ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಆದರೆ ಮೂರನೇ ಮಹಡಿ, ಲಿಫ್ಟಿಗೆ ಆಗಾಗ ಕಾಯಿಲೆ, ಅತ್ತಿಗೆಯ ಮೊಣಕಾಲಿಗೆ ಸದಾ ಕಾಯಿಲೆ. ಅಲ್ಲಿ ನೀರಿನ ಭಯವಿಲ್ಲ. ಬೀದಿಯ ಮುಖವೂ ಇಲ್ಲ. ಫೋನು ಮಾಡಿದರೆ ಅವರು ಹೇಳುವುದು ನಮಗೆ ಕೇಳಿಸುತ್ತದೆ, ಫೋನಿಲ್ಲದಿದ್ದರೂ ಕೇಳಿಸೀತು. ನಾವು ಹೇಳುವುದು ಅವರ ಕಿವಿಗೆ ಬೀಳುವುದಿಲ್ಲ. ಅದಕ್ಕೇ ಕಾಗದ.

ಹೊಸ ಮನೆಯ ನಕ್ಷೆ ಬರೆದವಳು ನಮ್ಮ ಮಗಳು. ಟೈರ್ ಅಂಗಡಿಯ ಮೇಲೆ ಅವಳ ಆಫೀಸು. ನೆರೆ ಬರುವ ಬೀದಿಗಳಿಗೆ ಮನೆ ಬರೆಯುವುದೇ ಅವಳ ಕೆಲಸ. ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ, ಸುರುಳಿ ಸುತ್ತದ ಹಾಗೆ ಮೂಲೆಗಳಿಗೆ ಲೋಟ ಇಟ್ಟು ವಿವರಿಸಿದಳು. ಅಡುಗೆಮನೆ, ನಾವು ಮಲಗುವುದು ಮೇಲೆ. ಕೆಳಗೆ ಮುಂದಿನ ಕೋಣೆ ಒಂದೇ. ಅದಕ್ಕೆ ಕಲ್ಲಿನ ನೆಲ, ಹಿಂದಕ್ಕೆ ಸ್ವಲ್ಪ ಇಳಿಜಾರು. ದೀಪದ ಸ್ವಿಚ್ಚುಗಳು ತಲೆಮಟ್ಟದಲ್ಲಿ. ಅತ್ತಿಗೆಗೆ ಹಿಂದುಗಡೆ ಎತ್ತರದ ಜಗುಲಿ ಕಟ್ಟಿ ಅದರ ಮೇಲೆ ಕೋಣೆ; ಮೆಟ್ಟಿಲಿಲ್ಲದೆ, ಪಕ್ಕದ ಗೋಡೆಗುಂಟ ನಿಧಾನವಾಗಿ ಏರುವ ಇಳಿಜಾರು ದಾರಿ, ನಡುವೆ ಕೂತು ಸುಧಾರಿಸಿಕೊಳ್ಳಲು ಒಂದು ಕಟ್ಟೆ. ನೀರು ಎತ್ತರ ಕೇಳುತ್ತದೆ, ಮೊಣಕಾಲು ತಗ್ಗು ಕೇಳುತ್ತದೆ, ಇಬ್ಬರಿಗೂ ಒಪ್ಪಿಗೆಯಾಗುವ ಹಾಗೆ ಬರೆಯುವುದರಲ್ಲಿ ತನ್ನ ಪೆನ್ಸಿಲ್ ಸವೆದುಹೋಯಿತು ಎಂದಳು.

ಅಲ್ಲಿಯವರೆಗೆ ಮೇಸ್ತ್ರಿ ಸುಮ್ಮನೆ ತಲೆಯಾಡಿಸುತ್ತಿದ್ದರು. ಆಮೇಲೆ ಮಗಳು ಮುಂದಿನ ಕೋಣೆಯ ಎರಡೂ ಪಕ್ಕದ ಗೋಡೆಗಳ ಬುಡದಲ್ಲಿ, ಕಲ್ಲಿನ ಬೆಂಚುಗಳ ಅಡಿಗೆ, ಸಾಲಾಗಿ ಬರೆದಿದ್ದ ಚೌಕಗಳ ಮೇಲೆ ಬೆರಳಿಟ್ಟಳು. ಅವು ತೂತುಗಳು. ನೆರೆ ಬಂದಾಗ ನೀರು ಅಲ್ಲಿಂದ ಒಳಗೆ ಬರಬೇಕು, ಇಳಿದಾಗ ಅಲ್ಲಿಂದಲೇ ಹೊರಗೆ ಹೋಗಬೇಕು. ಹೊರಗೆಷ್ಟೋ ಒಳಗೂ ಅಷ್ಟೇ ನೀರಿದ್ದರೆ ಗೋಡೆಯನ್ನು ಯಾರೂ ತಳ್ಳುವುದಿಲ್ಲ, ಗೋಡೆ ನಿಲ್ಲುತ್ತದೆ ಎಂದಳು.

“ಗೋಡೇಲಿ ತೂತು ಬಿಡೋದಕ್ಕಾ ನಿನ್ನನ್ನ ಅಷ್ಟು ವರ್ಷ ಓದಿಸಿದ್ದು?” ಅಂದರು ಮೇಸ್ತ್ರಿ.

“ಹೂಂ ಅಪ್ಪ. ಮುಚ್ಚೋದಕ್ಕೆ ಮನೇಲೇ ಜನ ಇದ್ರು.”

ನಾನು ಲೋಟ ಎತ್ತಿಕೊಂಡು ಒಳಗೆ ಹೋದೆ. ನಗುವುದಕ್ಕೆ ಅಡುಗೆಮನೆಯೇ ಅನುಕೂಲ.

ಕೊನೆಗೆ ಒಪ್ಪಿದರು ಅನ್ನಿ. ಮಗಳು ಬರೆದಿದ್ದಾಳೆ, ಅಕ್ಕ ಬರಬೇಕು, ಎರಡು ಕಾರಣ ಸೇರಿದವು. ಮನೆ ಎದ್ದಿತು. ಇಳಿಜಾರು ಕಟ್ಟಿ ಮುಗಿದ ದಿನ ಅದು ಅಕ್ಕನಿಗೆ ಸರಿಹೋಗುತ್ತದೋ ಇಲ್ಲವೋ ನೋಡಬೇಕೆಂದು, ಒಂದು ಕೋಲು ಹಿಡಿದು, ಸೊಂಟ ಬಗ್ಗಿಸಿ, ಬಲಗಾಲು ಎಳೆಯುತ್ತ, ಹೆಜ್ಜೆಗೊಮ್ಮೆ “ಅಯ್ಯಯ್ಯೋ ಶಿವನೇ” ಎನ್ನುತ್ತ ತಾವೇ ಹತ್ತಿದರು. ನಡುವಿನ ಕಟ್ಟೆಯಲ್ಲಿ ಕೂತು, ಯಾರನ್ನೋ ಬೈದು, ಮತ್ತೆ ಹತ್ತಿದರು. ಎದುರಿನಿಂದ ದರ್ಜಿ ಕಾಜಾ ಹಾಕಬೇಕಾದ ಅಂಗಿಗಳ ಗಂಟು ಹಿಡಿದು ಓಡಿಬಂದ, ಅಕ್ಕ ಯಾವಾಗ ಬಂದರು ಎಂದು ಕೇಳುತ್ತ. ಕೋಲು ಹಿಡಿದಿದ್ದವರ ಮುಖ ನೋಡಿ ಗಂಟನ್ನು ವಾಪಸು ತೆಗೆದುಕೊಂಡು ಹೋದ.

ಆವತ್ತೇ ಸಂಜೆ ಅತ್ತಿಗೆಗೆ ಬರೆಯುವ ಕಾಗದವನ್ನು ಮೇಸ್ತ್ರಿ ಹೇಳಿದರು, ನಾನು ಬರೆದೆ. ಕಾಗದದಲ್ಲಿ ಮೊದಲು ಕ್ಷೇಮ ಬರಬೇಕು, ವಿಷಯ ಆಮೇಲೆ ಎಂದು ನನಗೆ ರಾತ್ರಿ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಮೇಸ್ತ್ರಿಗೆ ಯಾರೂ ಹೇಳಿಕೊಟ್ಟಿಲ್ಲ. ಅವರ ಮೊದಲನೆ ಸಾಲೇ, “ಮನೆ ಆಯಿತು, ಬಾ. ಈ ಸಲ ಒಂದು ಹನಿ ನೀರೂ ಒಳಗೆ ಬರುವುದಿಲ್ಲ.” ಮಗಳು ಕಟ್ಟಿಸಿದ್ದು ನೀರು ಬರಲಿ ಎಂದಲ್ಲವೇ ಎಂದು ಕೇಳಿದೆ. ಅಕ್ಕನಿಗೆ ಅದೆಲ್ಲ ಬೇಡ, ಬರಿ ಅಂದರು. ಬರೆದೆ.

ಆ ಕಾಗದ ಹೋಗಲಿಲ್ಲ. ಮೊದಲು ಬಣ್ಣ ಒಣಗಲಿ ಅಂದರು. ಬಣ್ಣ ಒಣಗಿದ ಮೇಲೆ ಕಂಬಿ. ಕಂಬಿಯಾದ ಮೇಲೆ ಮಳೆಗಾಲ, ಅದು ಕಳೆಯಲಿ. ಆ ವರ್ಷ ಹೊಳೆ ಬೀದಿಯ ಕಡೆ ತಿರುಗಿಯೂ ನೋಡಲಿಲ್ಲ. ಹಾಗಾಗಿ ಮಳೆಗಾಲ ಕಳೆದರೂ ಮೇಸ್ತ್ರಿಗೆ ಸಮಾಧಾನವಿಲ್ಲ, ನೀರೇ ಬರದಿದ್ದರೆ ಮನೆ ಗಟ್ಟಿಯೋ ಟೊಳ್ಳೋ ತಿಳಿಯುವುದು ಹೇಗೆ ಎಂದು ಹೊಳೆಯ ಮೇಲೇ ಮುನಿಸು. ಒಮ್ಮೆ ಅಂಚೆಪೆಟ್ಟಿಗೆಯವರೆಗೆ ಹೋಗಿ, ಪೆಟ್ಟಿಗೆ ತುಂಬಿಹೋಗಿದೆ ಎಂದು ಕಾಗದವನ್ನು ಜೇಬಿನಲ್ಲೇ ತಂದರು. ಇನ್ನೊಮ್ಮೆ ಪೆಟ್ಟಿಗೆಯ ಹತ್ತಿರ ನಾಯಿ ಮಲಗಿತ್ತಂತೆ. ನಾನೇ ಹಾಕಿಬಿಡಬಹುದಿತ್ತು ಎಂದು ನೀವು ಕೇಳಬಹುದು. ಹಾಕುತ್ತಿದ್ದೆ. ಆದರೆ ಹೆದರಿದ ತಮ್ಮನ ಮನೆಗೆ ಅತ್ತಿಗೆ ಬಂದು ಏನು ಸುಖ? ಮೋಡ ಕಟ್ಟಿದ ಕೂಡಲೇ ಅವರನ್ನು ಮತ್ತೆ ಗಂಟುಮೂಟೆ ಸಮೇತ ಗುಡ್ಡಕ್ಕೆ ಸಾಗಿಸಿಬಿಡುತ್ತಿದ್ದರು. ಆ ಗೋಡೆ ತನ್ನ ಕೈ ಕೆಲಸ, ಅದು ಅಕ್ಕನ ಮೇಲೇ ಬಿತ್ತು ಎಂಬುದು ಅವರ ಹೊಟ್ಟೆಯೊಳಗೆ ಕಲ್ಲಿನ ಹಾಗೆ ಕೂತಿತ್ತು. ಬಾಯಲ್ಲಿ ಮಾತ್ರ ಬಣ್ಣ, ಕಂಬಿ, ನಾಯಿ.

ಶೀಟು ಹಿಂಡಿದ ದಿನ ಅತ್ತಿಗೆಯ ಕಾಗದ ಓದಿದ ಮೇಲೆ ನನಗೂ ತಾಳ್ಮೆ ಸ್ವಲ್ಪ ತೆಳುವಾಗಿತ್ತು. ಕಂಬಿ ಅಲ್ಲಾಡಿಸುತ್ತ ನಿಂತವರ ಹತ್ತಿರ ಹೋಗಿ, “ಹೊಳೆ ಬರಲಿ ಅಂತ ಎಷ್ಟು ದಿನ ದಾರಿ ಕಾಯ್ತೀರಿ? ಅದಕ್ಕೂ ಒಂದು ಕಾಗದ ಬರೆದು ಕರೆಸಿಬಿಡಿ” ಅಂದೆ.

ಸುಮ್ಮನೆ ಚುಚ್ಚಲು ಆಡಿದ ಮಾತು. ಮೇಸ್ತ್ರಿ ಕಂಬಿಯಿಂದ ಕೈ ತೆಗೆದು ನನ್ನ ಮುಖವನ್ನೇ ನೋಡಿದರು. ಅವರಿಗೆ ಏನಾದರೂ ಹೊಳೆದಾಗ ಕಿವಿ ಕೆಂಪಾಗುತ್ತದೆ. ಎರಡು ಕಿವಿಯೂ ಕೆಂಪಾದವು.

ಮಾರನೆಯ ದಿನ ಬೆಳಿಗ್ಗೆ ಮನೆ ಮುಂದೆ ನೀರಿನ ಟ್ಯಾಂಕರ್ ನಿಂತಿತ್ತು.

ಟ್ಯಾಂಕರಿನವನು ಪೈಪು ಬಿಚ್ಚಿಕೊಂಡು, ಸಂಪು ಎಲ್ಲಿದೆ ಎಂದು ಕೇಳಿದ. ಮೇಸ್ತ್ರಿ ಮುಂದಿನ ಕೋಣೆ ತೋರಿಸಿದರು. ಅವನು ಕೋಣೆ ನೋಡಿದ, ಮೇಸ್ತ್ರಿಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ನಾನು ಹೂಂ ಎನ್ನುವಂತೆ ತಲೆಯಾಡಿಸಿದೆ. ಮಧ್ಯೆ ಬಂದು ಪ್ರಯೋಜನವಿಲ್ಲದ ಗಳಿಗೆಗಳನ್ನು ನಾನು ದೂರದಿಂದಲೇ ಗುರುತಿಸಬಲ್ಲೆ. ಕೋಣೆಯಲ್ಲಿದ್ದ ಕುರ್ಚಿಗಳನ್ನೂ ಚಾಪೆಯನ್ನೂ ಮೇಲೆ ಸಾಗಿಸಿ, ಮಹಡಿ ಮೆಟ್ಟಿಲ ಮೇಲೆ ಬಟಾಣಿಯ ಬುಟ್ಟಿ ಇಟ್ಟುಕೊಂಡು ಸುಲಿಯುತ್ತ ಕೂತೆ. ಅಲ್ಲಿಂದ ಕೋಣೆ ಪೂರ್ತಿ ಕಾಣುತ್ತದೆ.

ಬಾಗಿಲ ಚೌಕಟ್ಟಿನ ಎರಡೂ ಬದಿಗೆ ಮೇಸ್ತ್ರಿ ತಾವಾಗಿ ಉದ್ದಕ್ಕೆ ಒಂದೊಂದು ತೋಡು ಕೊರೆದು, ಅದರೊಳಗೆ ಮೇಲಿನಿಂದ ಇಳಿಸುವ ಒಂದು ದಪ್ಪ ಹಲಗೆ ಮಾಡಿಕೊಂಡಿದ್ದರು. ಅದು ಮಗಳ ನಕ್ಷೆಯಲ್ಲಿ ಇರಲಿಲ್ಲ. ಆ ಹಲಗೆ ಇಳಿಸಿ, ನೀರು ಬಾಗಿಲಿಂದ ಹೋಗದ ಹಾಗೆ ಮಾಡಿದರು. ಮೊದಲು ಕೋಣೆ ತುಂಬಬೇಕು, ಆಮೇಲೆ ತೂತುಗಳಿಂದ ಎಷ್ಟು ಬೇಗ ಖಾಲಿಯಾಗುತ್ತದೆ ನೋಡಬೇಕು, ಇದು ಅವರ ಲೆಕ್ಕಾಚಾರ. ಫೋನು ಮಾಡಿ ಮಗಳನ್ನೂ ಕರೆಸಿದರು. ಅವಳು ಬರುವ ಹೊತ್ತಿಗೆ ಟ್ಯಾಂಕರ್ ಬರಿದಾಗಿತ್ತು. ಕೋಣೆಯೊಳಗೆ ನೀರು ಮೀನಖಂಡದವರೆಗೆ ನಿಂತಿತ್ತು. ಮೇಸ್ತ್ರಿ ಪಂಚೆ ಮೇಲೆ ಕಟ್ಟಿ ನಡುವೆ ನಿಂತಿದ್ದರು. ನಾನು ಮರೆತು ಬಿಟ್ಟಿದ್ದ ಒಂದು ಮರದ ಮಣೆ ಅವರ ಸುತ್ತ ತೇಲುತ್ತ ಪ್ರದಕ್ಷಿಣೆ ಹಾಕುತ್ತಿತ್ತು.

ಮಗಳು ಹಲಗೆಯ ಹೊರಗೆ ನಿಂತು ಇಣುಕಿದಳು. ಬೈಯುವ ಮೊದಲು ಅವಳು ಕೇಳಿದ ಪ್ರಶ್ನೆ ಒಂದೇ. “ಅಪ್ಪ, ನೀರು ಯಾಕೆ ಇಳೀತಾ ಇಲ್ಲ?”

ಹೌದು, ಇಳಿಯುತ್ತಿರಲಿಲ್ಲ. ತೂತುಗಳಿದ್ದರೆ ಕೋಣೆ ತುಂಬುವುದೇ ಕಷ್ಟವಾಗಬೇಕಿತ್ತು. ಇಲ್ಲಿ ನೀರು ಕೊಳದ ಹಾಗೆ ಶಾಂತವಾಗಿ ನಿಂತಿತ್ತು. ಮೇಸ್ತ್ರಿಯ ಮುಖದಲ್ಲಿ, ಪರೀಕ್ಷೆಗೆ ಬೇರೆ ಪುಸ್ತಕ ಓದಿಕೊಂಡು ಬಂದವರ ಕಳೆ ಕಾಣಿಸಿತು.

ಇಲ್ಲಿ ಅವರ ಒಂದು ಪದ್ಧತಿ ಹೇಳಬೇಕು. ಕಲಸಿದ ಗಾರೆಯನ್ನು ಮೇಸ್ತ್ರಿ ಎಸೆಯುವುದಿಲ್ಲ. ಸಂಜೆ ಕೆಲಸ ನಿಲ್ಲಿಸುವಾಗ ಬಾಣಲೆಯಲ್ಲಿ ಒಂದು ಹಿಡಿ ಉಳಿದರೂ ಅದಕ್ಕೊಂದು ಜಾಗ ಹುಡುಕಬೇಕು. ಹಾಗೆ ಉಳಿದ ಗಾರೆಯಿಂದಲೇ ದರ್ಜಿಯ ಅಂಗಡಿಗೆ ಮೆಟ್ಟಿಲಾಗಿದೆ, ಪಕ್ಕದ ಮನೆಯ ತುಳಸಿಗಿಡಕ್ಕೆ ಕುಂಡವಾಗಿದೆ, ನನಗೆ ಬಟ್ಟೆ ಒಗೆಯುವ ಕಲ್ಲು ಆಗಿದೆ. ಇದೇ ಮನೆ ಕಟ್ಟುವಾಗಲೂ ಪ್ರತಿ ಸಂಜೆ ಗಾರೆ ಉಳಿದಿದೆ. ಕೈಯಲ್ಲಿ ಕರಣೆ, ಕಣ್ಣೆದುರಿಗೆ ತೂತು. ದಿನಕ್ಕೊಂದರಂತೆ ಮುಚ್ಚಿಬಿಟ್ಟಿದ್ದಾರೆ. ಹೊರಗಡೆ ಮಗಳು ಹೇಳಿದ ಹಾಗೆ ಜಾಲರಿ ಕೂರಿಸಿದ್ದಾರೆ, ಆದ್ದರಿಂದ ಪಕ್ಕದ ಓಣಿಯಿಂದ ನೋಡಿದವರಿಗೆ ಎಲ್ಲ ಸರಿಯಾಗೇ ಕಾಣುತ್ತದೆ. ಒಳಗಡೆ ಕಲ್ಲಿನ ಬೆಂಚಿನ ಅಡಿ ಬಗ್ಗಿ ನೋಡುವ ಸೊಂಟ ನನ್ನದಲ್ಲ.

“ಹಿಂದಿನ ಎರಡು ಬಿಟ್ಟಿದ್ದೆ” ಅಂದರು ಮೇಸ್ತ್ರಿ, ಗಂಟಲು ಸರಿಮಾಡಿಕೊಂಡು. “ಎರಡು ಸಾಕು ಅನ್ನಿಸ್ತು.”

“ಎಲ್ಲಿವೆ ಆ ಎರಡು?”

ಅವರು ನೀರಿನಲ್ಲಿ ಹಿಂದಕ್ಕೆ ನಡೆದು, ಬಗ್ಗಿ, ಬೆಂಚಿನ ಅಡಿ ಕೈಯಾಡಿಸಿದರು. ಎದ್ದು ಈ ಕಡೆ ಬೆಂಚಿಗೆ ಬಂದು ಅಲ್ಲೂ ಆಡಿಸಿದರು. ಇಳಿಜಾರು ಮುಗಿಸಿದ ದಿನ ಗಾರೆ ಜಾಸ್ತಿಯೇ ಉಳಿದಿತ್ತು ಎಂಬುದು ಅವರಿಗೆ ಆಗ ನೆನಪಾಯಿತು.

ಹಲಗೆ ಎತ್ತಿಬಿಡು ಅಪ್ಪ, ಬಾಗಿಲಿಂದಲೇ ಹೋಗಲಿ ಎಂದಳು ಮಗಳು. ಮೇಸ್ತ್ರಿ ಹಲಗೆಯ ಮೇಲಂಚು ಹಿಡಿದು ಎಳೆದರು. ಜಗ್ಗಲಿಲ್ಲ. ಒಳಗಿನ ನೀರು ಹಲಗೆಯನ್ನು ತೋಡಿನ ಅಂಚಿಗೆ ಅದುಮಿ ಹಿಡಿದಿತ್ತು. ಟ್ಯಾಂಕರಿನವನೂ ಕೈ ಹಾಕಿದ. ದರ್ಜಿ ಅಳತೆ ಟೇಪು ಕೊರಳಿಗೆ ಹಾಕಿಕೊಂಡೇ ಬಂದು ಕೈ ಹಾಕಿದ. ಮೂವರು ಸೇರಿ ಎಳೆದರೂ ಹಲಗೆ ಮಾತು ಕೇಳಲಿಲ್ಲ. ಮೇಸ್ತ್ರಿ ಅಂಗೈ ನೋಡಿಕೊಂಡು ನಿಂತರು. ಇಷ್ಟೇ ಇಷ್ಟು ನೀರು, ಒಂದು ಹಲಗೆಯನ್ನು ಹೀಗೆ ಹಿಡಿಯುತ್ತದೆಯೇ ಎಂದು ತಮಗೇ ಹೇಳಿಕೊಂಡರು. ಮಗಳು ಏನೋ ಹೇಳಲು ಬಾಯಿ ತೆರೆದಳು. ನಾನು ಮೆಟ್ಟಿಲ ಮೇಲಿಂದ ಬೇಡ ಎನ್ನುವಂತೆ ಕಣ್ಣು ಮಾಡಿದೆ. ಅವರು ತಾವಾಗಿ ಎಲ್ಲಿಗೋ ಹೋಗುತ್ತಿದ್ದರು. ಕೈ ಹಿಡಿದರೆ ವಾಪಸು ಬಂದುಬಿಡುತ್ತಿದ್ದರು.

“ಸುತ್ತಿಗೆ ಕೊಡು” ಅಂದರು ನನಗೆ.

ಕೊಟ್ಟೆ, ಉಳಿಯನ್ನೂ ಕೊಟ್ಟೆ. ನೀರಿನಲ್ಲಿ ಒಂದು ಪಕ್ಕಕ್ಕೆ ಮಲಗಿದಂತೆ ಕೂತು, ಕತ್ತನ್ನು ಮಾತ್ರ ಮೇಲೆತ್ತಿ, ಬೆಂಚಿನ ಅಡಿಗೆ ಕೈ ತೂರಿಸಿ ಹೊಡೆಯತೊಡಗಿದರು. ಮಗಳು ಓಣಿಗೆ ಸುತ್ತಿಬಂದು, ಜಾಲರಿ ಕಿತ್ತು, ಟ್ಯಾಂಕರಿನವನ ಸಲಾಕೆಯಿಂದ ಹೊರಗಿನಿಂದ ಹೊಡೆದಳು. ಗೋಡೆಯ ಆಚೆ ಅವಳು, ಈಚೆ ಅವರು. ಗಾರೆ ಬಿಡುವ ಲಕ್ಷಣವಿರಲಿಲ್ಲ. ಉಳಿದ ಗಾರೆಯಾದರೇನು, ಮೇಸ್ತ್ರಿಯ ಕೈಗುಣ ಅದರಲ್ಲೂ ಇತ್ತಲ್ಲ. ಯಾವನು ಇಷ್ಟು ಗಟ್ಟಿಯಾಗಿ ಬಳಿದವನು ಎಂದು ಒಳಗಿನಿಂದ ಬೈಗುಳ ಕೇಳಿಸಿತು. ಹೊರಗಿನಿಂದ ಮಗಳು, ಅವನ ವಿಳಾಸ ತನಗೆ ಗೊತ್ತಿದೆ, ಬೇಕಾದರೆ ಕೊಡುತ್ತೇನೆ ಎಂದಳು. ದರ್ಜಿ ಇಬ್ಬರ ನಡುವೆ ಓಡಾಡುತ್ತ, ಆ ಕಡೆ ಎಷ್ಟಾಗಿದೆ ಎಂದು ಈ ಕಡೆಗೆ, ಈ ಕಡೆ ಎಷ್ಟಾಗಿದೆ ಎಂದು ಆ ಕಡೆಗೆ ವರದಿ ಮಾಡುತ್ತಿದ್ದ. ನನ್ನ ಬಟಾಣಿ ಮುಗಿದು ಬರಿ ಸಿಪ್ಪೆ ಉಳಿಯಿತು.

ಮೊದಲ ತೂತು ಒಡೆದಾಗ ನೀರು ಪಿಚಕಾರಿಯ ಹಾಗೆ ಚಿಮ್ಮಿ ಮಗಳ ಎದೆಗೆ ಬಡಿಯಿತು. ಅವಳು ಕೆಸರಿನಲ್ಲಿ ಕೂತುಬಿಟ್ಟಳು. ಕೂತಲ್ಲಿಂದಲೇ, ಅಪ್ಪಾ ಇನ್ನೊಂದು ಹೊಡಿ ಎಂದಳು. ಎರಡನೆಯದೂ ಬಾಯಿಬಿಟ್ಟಿತು. ನೀರು ಓಣಿಗೆ ಧುಮುಕಿ ಚರಂಡಿಯ ದಾರಿ ಹಿಡಿಯಿತು. ಕೋಣೆಯೊಳಗೆ ಅದು ಇಳಿಯುವುದು ಕಣ್ಣಿಗೆ ಕಾಣುತ್ತಿತ್ತು: ಗೋಡೆಯ ಮೇಲೆ ಒದ್ದೆಯ ಗೆರೆ ಒಂದಿಷ್ಟು, ಆಮೇಲೆ ಇನ್ನೊಂದಿಷ್ಟು. ಮಣೆ ನೆಲ ಮುಟ್ಟಿ ನಿಂತಿತು. ಹಲಗೆ ಬೆರಳಿಗೇ ಸಡಿಲಾಯಿತು. ಕಲ್ಲಿನ ನೆಲದ ಮೇಲೆ ಒಂದು ಮೂಲೆಯಲ್ಲಿ ಮಾತ್ರ ತಟ್ಟೆಯಗಲ ನೀರು ನಿಂತಿತು; ಆ ಮೂಲೆಯ ಇಳಿಜಾರು ಯಾರದು ಎಂದು ನಾನು ಕೇಳಲಿಲ್ಲ.

ಮೇಸ್ತ್ರಿ ಬೆಂಚಿನ ಮೇಲೆ ಕೂತು ಗೋಡೆ ತಟ್ಟಿ ನೋಡಿದರು. ಈ ಕಡೆಯದು, ಆ ಕಡೆಯದು. ಎಲ್ಲೂ ಬಿರುಕಿಲ್ಲ. ಸ್ವಿಚ್ಚುಗಳು ಎತ್ತರದಲ್ಲಿ ಒಣಗೇ ಇದ್ದವು. ಹಾಳಾಗುವಂಥದ್ದು ಕೋಣೆಯಲ್ಲಿ ಏನೂ ಇರಲಿಲ್ಲ. ಅಷ್ಟು ಹೊತ್ತಿನಲ್ಲಿ ಹಾಳಾಗಿದ್ದೆಂದರೆ ಮಗಳ ಆಫೀಸಿನ ಅಂಗಿ ಒಂದೇ.

ಅವಳು ಕೂದಲು ಹಿಂಡುತ್ತ ಒಳಗೆ ಬಂದು ಅವರ ಪಕ್ಕ ಕೂತಳು. ಟ್ಯಾಂಕರಿನವನು ಪೈಪು ಸುತ್ತಿಕೊಂಡು ಹೋದ. ದರ್ಜಿಗೂ ಏನನ್ನಿಸಿತೋ, ಅಂಗಡಿಗೆ ಹೋದ. ಮೇಸ್ತ್ರಿ ಹಲಗೆಯ ಕಡೆ ನೋಡುತ್ತ ಕೇಳಿದರು.

“ಆವತ್ತು ನಾನು ಬಾಗಿಲು ತೆಗೆದಿದ್ರೆ ಆ ಗೋಡೆ ನಿಲ್ತಿತ್ತಾ?”

ಇಷ್ಟು ವರ್ಷದಲ್ಲಿ ಅವರು ಆ ಬೆಳಗಿನ ಸುದ್ದಿ ಎತ್ತಿದ್ದು ಇದೇ ಮೊದಲು. ಮಗಳು ತಮಾಷೆ ಮಾಡಲಿಲ್ಲ.

“ನಿಲ್ತಿತ್ತು ಅಂತಾನೇ ನನ್ನ ಎಣಿಕೆ ಅಪ್ಪ. ಮನೆಯೆಲ್ಲ ಒದ್ದೆಯಾಗ್ತಿತ್ತು. ಅತ್ತೆ ನಿನ್ನನ್ನ ಚೆನ್ನಾಗಿ ಬೈತಿದ್ರು. ಗೋಡೆ ನಿಲ್ತಿತ್ತು.”

“ಅಂದ್ರೆ ನನ್ನ ಕೆಲಸ ಕೆಟ್ಟದಾಗಿರಲಿಲ್ಲ.”

“ಇಲ್ಲ. ಒಂದು ಹನೀನೂ ಒಳಗೆ ಬಿಡದಷ್ಟು ಒಳ್ಳೇದಿತ್ತು. ಅದೇ ಬೀಳಿಸಿದ್ದು.”

ಅವರು ಹೂಂ ಅಂದರು. ಆ ಹೂಂ ಒಪ್ಪಿಗೆಯದೋ ನೋವಿನದೋ ನನಗೆ ತಿಳಿಯಲಿಲ್ಲ. ಎರಡೂ ಇದ್ದೀತು. ಕಣ್ಣಿಗೆ ನೀರು ಬಂದಿತ್ತೋ ಏನೋ. ತಲೆಯಿಂದ ಕಾಲಿನವರೆಗೆ ನೆನೆದ ಮನುಷ್ಯನಲ್ಲಿ ಅದನ್ನು ಬೇರೆ ಹುಡುಕುವುದು ಹೇಗೆ? ನಾನು ಟವೆಲ್ಲು ತಂದುಕೊಟ್ಟೆ. ಮುಖ ಒರೆಸಿಕೊಂಡು, ಉಳಿದ ತೂತುಗಳನ್ನು ಒಡೆಯುವುದು ಯಾವಾಗ ಎಂದು ಮಗಳನ್ನು ಕೇಳಿದರು. ಅವಳು ಈಗಲೇ ಎಂದಳು. ಊಟವಾದ ಮೇಲೆ ಎಂದೆ ನಾನು. ಊಟವಾದ ಮೇಲೆ ಅಪ್ಪ ಮಗಳು ಸೇರಿ ಸಂಜೆಯವರೆಗೂ ಒಡೆದರು. ಜಾಲರಿಗಳನ್ನು ತೊಳೆದು ಮತ್ತೆ ಕೂರಿಸಿದರು. ಒಂದೊಂದು ತೂತು ತೆರೆದಾಗಲೂ ಮೇಸ್ತ್ರಿ ಅದರೊಳಗಿಂದ ಓಣಿಯನ್ನು ಇಣುಕಿ ನೋಡುತ್ತಿದ್ದರು. ಬೆಕ್ಕೊಂದು ಆ ಕಡೆಯಿಂದ ಇಣುಕಿದಾಗ ಇಬ್ಬರೂ ಬೆಚ್ಚಿಬಿದ್ದರು.

ಮಗಳು ಹೊರಟ ಮೇಲೆ ಮೇಸ್ತ್ರಿ ಬಂದು ನನ್ನೆದುರು ಕೂತರು. ಕಾಗದ ತೆಗಿ, ಓದು ಅಂದರು. ನಾನು ಪೆಟ್ಟಿಗೆಯಿಂದ ತೆಗೆದು ಓದಿದೆ. ಒಂದು ಹನಿ ನೀರೂ ಒಳಗೆ ಬರುವುದಿಲ್ಲ ಎಂಬಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

“ಅದನ್ನ ಹೊಡೆದುಹಾಕು. ಜೋರು ಮಳೆಯಾದ್ರೆ ಮುಂದಿನ ಕೋಣೆಗೆ ನೀರು ಬರುತ್ತೆ ಅಂತ ಬರಿ. ಬರಲಿ ಅಂತಾನೇ ಕಟ್ಟಿರೋದು. ನಿನ್ನ ಕೋಣೆಗೆ ಬರಲ್ಲ, ಕಿಟಕೀಲಿ ಕೂತು ನೋಡಬಹುದು ಅಂತ ಬರಿ.”

ಬರೆದೆ. ಹೊಸ ಹಾಳೆ ತೆಗೆದುಕೊಳ್ಳಲೇ ಎಂದು ಕೇಳಿದರೆ ಬೇಡವೆಂದರು, ಹೊಡೆದುಹಾಕಿದ್ದು ಅಕ್ಕನಿಗೆ ಕಾಣಲಿ ಅಂದರು. ಆಮೇಲೆ ಇನ್ನೂ ಏನೇನೋ ಹೇಳಿದರು. ನೆಲ ಒದ್ದೆಯಾದರೆ ಜಾರುತ್ತದೆ, ಕೋಲು ಬಿಟ್ಟು ನಡೆಯಬಾರದು. ತೂತಿನಿಂದ ಬೆಕ್ಕು ಬರಬಹುದು. ದರ್ಜಿ ಅಂಗಿಗಳ ಗಂಟು ತಂದರೆ ಬಂದ ದಿನವೇ ತೆಗೆದುಕೊಳ್ಳಬಾರದು, ಅವನಿಗೆ ಸಲಿಗೆ ಜಾಸ್ತಿ. ಹಾಳೆಯ ಅಂಚಿನಲ್ಲೂ ಬರೆದು, ಅಂಚು ಸುತ್ತಿ ಮೇಲಕ್ಕೂ ಬರೆದು, ನನ್ನ ಕೈ ಸೋತಿತು. ಕೊನೆಗೆ ಪೆನ್ನು ತಾವೇ ತೆಗೆದುಕೊಂಡು, ಉಳಿದಿದ್ದ ಒಂದಂಗುಲ ಜಾಗದಲ್ಲಿ, ಕರಣೆ ಹಿಡಿದ ಹಾಗೆ ಪೆನ್ನು ಹಿಡಿದು, “ಯಾವಾಗ ಬರ್ತೀಯ” ಎಂದು ಬರೆದರು.

ಪೆಟ್ಟಿಗೆಗೆ ಹಾಕಲು ಹೊರಟಾಗ ನಾನೂ ಚಪ್ಪಲಿ ಮೆಟ್ಟಿದೆ. ನೀನ್ಯಾಕೆ ಅಂದರು. ನಾಯಿ ಇದ್ದರೆ ಓಡಿಸೋದಕ್ಕೆ ಅಂದೆ.

ಅಂಚೆಪೆಟ್ಟಿಗೆ ಬೀದಿಯ ತುದಿಯಲ್ಲಿ, ಆವತ್ತು ಅವರು ಅಕ್ಕನನ್ನು ಬೆನ್ನಿನಿಂದ ಇ‍ಳಿಸಿದ ಏರಿನ ಹತ್ತಿರವೇ ಇದೆ. ನಾಯಿ ಇರಲಿಲ್ಲ. ಪೆಟ್ಟಿಗೆ ತುಂಬಿರಲೂ ಇಲ್ಲ. ಮೇಸ್ತ್ರಿ ಕಾಗದವನ್ನು ಬಾಯಿಗೆ ಅರ್ಧ ತೂರಿಸಿ ಹಾಗೇ ಹಿಡಿದುಕೊಂಡು ನಿಂತರು. ಹಿಂದೆ ಬಂದ ಒಬ್ಬ ಹೆಂಗಸು ತನ್ನ ಲಕೋಟೆ ಹಿಡಿದು ಕಾಯುತ್ತಿದ್ದಳು. ಅವಳು ಒಮ್ಮೆ ಕೆಮ್ಮಿದಳು. ನಾನು ಬೀದಿ ನೋಡುತ್ತ ನಿಂತೆ.

ಬಿಟ್ಟರು. ಒಳಗೆ ಬಿದ್ದ ಸದ್ದು ಮೂವರಿಗೂ ಕೇಳಿಸಿತು.

ಹೆಂಗಸಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದ ಮೇಲೂ, ಇದನ್ನು ಎಷ್ಟು ಹೊತ್ತಿಗೆ ತೆಗೆಯಲು ಬರುತ್ತಾರೆ ಎಂದು ಅವಳನ್ನೇ ಕೇಳಿದರು. ಇನ್ನೇನು ಬರುವ ಹೊತ್ತಾಯಿತು ಎಂದಳು. ಹಾಗಾದರೆ ಬರಲಿ, ನೋಡಿಕೊಂಡೇ ಹೋಗೋಣ ಎಂದು ಮೇಸ್ತ್ರಿ ಪೆಟ್ಟಿಗೆಯ ಪಕ್ಕದ ಕಟ್ಟೆಯ ಮೇಲೆ ಕೂತರು. ನಾನೂ ಕೂತೆ. ಅಂಚೆಯವನು ಸೈಕಲ್ಲಿನಲ್ಲಿ ಬಂದು, ಬೀಗ ತೆಗೆದು, ಎಲ್ಲವನ್ನೂ ಒಟ್ಟಿಗೆ ಬಾಚಿ ಚೀಲಕ್ಕೆ ತುಂಬಿಕೊಂಡು ಗುಡ್ಡದ ಕಡೆಗೆ ಹೊರಟ.